ನಮ್ಮ ಗದ್ದೆಯಲ್ಲಿ ಸೈಕ್ಲೋಕ್ರಾಸ್ ಮಾಡಬಹುದಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಒಂದು ಹಳ್ಳಿ. ಮೇಲೆ ಕಾಫಿ ತೋಟ, ಕೆಳಗೆ ನಾಲ್ಕು ಎಕರೆ ಗದ್ದೆ, ಪಕ್ಕದಲ್ಲಿ ಬಾಣೆ, ಅಂದರೆ ಹುಲ್ಲು ಬೆಳೆದ ಓರೆ ಜಾಗ. ನಮ್ಮಣ್ಣನ ಮಗ ಎರಡು ವರ್ಷ ಬೆಲ್ಜಿಯಂನಲ್ಲಿ ಓದಿ ಬಂದಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಹುಲ್ಲು, ಕೆಸರಿನ ಮೇಲೆ ಸೈಕಲ್ ರೇಸ್ ನಡೆಯುತ್ತಂತೆ, ಸೈಕ್ಲೋಕ್ರಾಸ್ ಅಂತ. ಈಗ ಊರಿನ ಯುವಕರನ್ನು ಸೇರಿಸಿಕೊಂಡು ಪ್ರತಿ ವರ್ಷ ನಮ್ಮ ಗದ್ದೆಯಲ್ಲೇ ಅಂಥ ಹಬ್ಬ ಮಾಡೋಣ ಅಂತ ಹಠ ಹಿಡಿದಿದ್ದಾನೆ. ಆಗಸ್ಟ್‌ನಲ್ಲಿ ಕೆಸರುಗದ್ದೆ ಕ್ರೀಡಾಕೂಟ ಹೇಗೂ ಇರುತ್ತೆ, ಅದರ ಜೊತೆಗೇ ಇಟ್ಟುಕೊಳ್ಳೋಣ ಅನ್ನೋದು ಅವನ ಲೆಕ್ಕ. ನಮ್ಮ ಅಪ್ಪನಿಗೆ 82 ವರ್ಷ. ಗದ್ದೆ ಹಾಳಾಗುತ್ತೆ, ಮುಂದಿನ ವರ್ಷ ಭತ್ತ ಬರಲ್ಲ ಅಂತ ಒಪ್ಪುತ್ತಿಲ್ಲ. 2018ರಲ್ಲಿ ಮೇಲಿನ ತೋಟದ ಒಂದು ಮೂಲೆ ಜಾರಿತ್ತು, ಆ ಭಯ ನನಗೂ ಇದೆ. ಲಕ್ಷಗಟ್ಟಲೆ ಬೆಲೆಯ ಸೈಕಲ್ ಇಲ್ಲದೆ ಈ ಆಟ ಆಗಲ್ಲ, ಕೈಕಾಲು ಮುರಿಯೋದು ಗ್ಯಾರಂಟಿ ಅಂತ ಪಕ್ಕದ ಊರಿನವರೊಬ್ಬರು ಹೆದರಿಸಿದ್ದಾರೆ. ಸೈಕಲ್ ಹೊತ್ತುಕೊಂಡು ಓಡೋದು ಎಂಥ ಆಟ ಅಂತ ನಗುವವರೂ ಇದ್ದಾರೆ. ನನ್ನ ಮಗಳಿಗೆ 16. ಅವಳೂ ಓಡಿಸ್ತೀನಿ ಅಂತಿದ್ದಾಳೆ. ಬೇಡ ಅನ್ನಲಾ, ಹೂಂ ಅನ್ನಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಟದ ಬಗ್ಗೆ ನಿಮ್ಮ ಮನೆಯಲ್ಲಿ ಯಾರಿಗೂ ತಕರಾರಿಲ್ಲ. ಇರುವ ಭಯವೆಲ್ಲ ನೆಲದ್ದು, ಮಕ್ಕಳದ್ದು. ಅದು ಇರಬೇಕಾದ ಭಯವೇ. ಮೊದಲೇ ಹೇಳಿಬಿಡುತ್ತೇನೆ: ಹೂಂ ಅನ್ನಿ. ಆದರೆ ಆಗಸ್ಟ್ ಬೇಡ, ಗುಡ್ಡ ಕಡಿಯೋದು ಬೇಡ. ಈ ಎರಡು ವಿಷಯದಲ್ಲಿ ನಿಮ್ಮ ಅಪ್ಪನ ಅಂಜಿಕೆಯೇ ಸರಿ. ಉಳಿದದ್ದರಲ್ಲಿ ನಾನು ನಿಮ್ಮ ಅಣ್ಣನ ಮಗನ ಕಡೆ.

ನಾನು ಸೈಕಲ್ ರೇಸಿಗೆ ಹುಡುಗ ಹುಡುಗಿಯರನ್ನು ತಯಾರು ಮಾಡುವವನು. ರೇಸಿನ ದಾರಿ ಅಳೆದು ಗೂಟ ಹೊಡೆಯುವ ಕೆಲಸವನ್ನೂ ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಆ ಅನುಭವದಲ್ಲಿ ಗೊತ್ತಾದದ್ದು ಇದು: ಸೈಕ್ಲೋಕ್ರಾಸ್ ಚೆನ್ನಾಗಿ ನಡೆಯುವುದು, ಕೆಡುವುದು ಎರಡೂ ಸೈಕಲ್ಲಿನಿಂದಲ್ಲ. ಯಾವ ನೆಲ, ಯಾವ ತಿಂಗಳು ಅನ್ನುವುದರಿಂದ.

ನಗುವವರಿಗೆ ಮೊದಲು ಉತ್ತರ ಕೊಟ್ಟುಬಿಡೋಣ. ಇದು ನೂರು ವರ್ಷ ದಾಟಿದ ಆಟ. ಫ್ರಾನ್ಸ್‌ನಲ್ಲಿ ರಸ್ತೆ ರೇಸಿನವರು ಚಳಿಗಾಲದಲ್ಲಿ ಮೈ ಜಡವಾಗದಿರಲಿ ಅಂತ ಹೊಲ, ಬೇಲಿ, ಕಾಡು ದಾಟಿಕೊಂಡು ಸೈಕಲ್ ಓಡಿಸುತ್ತಿದ್ದರು. ಡೇನಿಯಲ್ ಗೂಸೋ ಎಂಬ ಸೈನಿಕ ಇದಕ್ಕೊಂದು ಸ್ಪರ್ಧೆಯ ರೂಪ ಕೊಟ್ಟ. ಅಲ್ಲಿನ ಮೊದಲ ರಾಷ್ಟ್ರೀಯ ರೇಸ್ ನಡೆದದ್ದು 1902ರಲ್ಲಿ. 1910ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಒಕ್ತಾವ್ ಲಾಪೀಜ್, ತನ್ನ ಗೆಲುವಿಗೆ ಚಳಿಗಾಲದ ಈ ಓಟವೂ ಕಾರಣ ಅಂದ ಮೇಲೆ ಇದು ಸುತ್ತಲಿನ ದೇಶಗಳಿಗೂ ಹಬ್ಬಿತು. 1950ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಆಯಿತು. ಗೆದ್ದದ್ದು ಝಾನ್ ರೊಬಿಕ್. ಅವನು 1947ರಲ್ಲಿ ಟೂರ್ ಗೆದ್ದಿದ್ದವನು.

ಹೊತ್ತು ಓಡುವುದಕ್ಕೆ ಕಾರಣ ಇಷ್ಟೇ. ಕೆಲವು ಜಾಗದಲ್ಲಿ ಕೂತು ತುಳಿಯುವುದಕ್ಕಿಂತ ಇಳಿದು ಓಡಿದರೆ ಬೇಗ. ಅದೂ ಆಟದ ಸ್ವಲ್ಪ ಭಾಗ ಮಾತ್ರ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಒಂದು ಸುತ್ತು 2.5ರಿಂದ 3.5 ಕಿ.ಮೀ., ಅದರಲ್ಲಿ ಶೇ 90 ಭಾಗ ಸೈಕಲ್ ತುಳಿದು ಹೋಗುವಂತಿರಬೇಕು. ದಾಟಲು ಅಡ್ಡ ಇಡುವ ಹಲಗೆಯ ಎತ್ತರ 40 ಸೆಂ.ಮೀ. ಮೀರಬಾರದು. ಪುರುಷರ ಮುಖ್ಯ ರೇಸ್ ಸುಮಾರು ಒಂದು ಗಂಟೆ. ಹತ್ತಿರ ನಿಂತು ನೋಡಿದರೆ ಆ ಹೊರುವ ಗಳಿಗೆ ಬಹಳ ಚೆಂದ. ಹಲಗೆ ಇನ್ನೂ ನಾಲ್ಕು ಮಾರು ದೂರ ಇದೆ ಅನ್ನುವಾಗಲೇ ಬಲಗಾಲು ಸೀಟಿನ ಹಿಂದಿನಿಂದ ಈಚೆಗೆ ಬರುತ್ತದೆ. ಒಂದು ಕ್ಷಣ ಎಡ ಪೆಡಲಿನ ಮೇಲೆ ಒಂಟಿಕಾಲಲ್ಲಿ ನಿಂತು ತೇಲಿಕೊಂಡು ಬಂದು, ನೆಲಕ್ಕೆ ಕಾಲಿಡುತ್ತಲೇ ಓಟ. ದಿಬ್ಬ ಇದ್ದರೆ ಸೈಕಲ್ಲಿನ ಮೇಲಿನ ಪೈಪು ಬಲ ಹೆಗಲಿಗೆ, ಬಲಗೈ ಕೆಳಗಿನಿಂದ ಹೋಗಿ ಹ್ಯಾಂಡಲ್ ಹಿಡಿಯುತ್ತದೆ. ತೋಟದಲ್ಲಿ ಕಾಫಿ ಮೂಟೆ ಹೊತ್ತವರಿಗೆ ಭಾರ ಎಲ್ಲಿ ಕೂರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ರೇಸಿನ ಸೈಕಲ್ ಎಂಟು ಹತ್ತು ಕೆ.ಜಿ. ಅಷ್ಟೇ.

ಇನ್ನು ನಿಮ್ಮ ಅಣ್ಣನ ಮಗ ಮಾಡಿಕೊಂಡಿರುವ ದೊಡ್ಡ ತಪ್ಪು ಲೆಕ್ಕಕ್ಕೆ ಬರುತ್ತೇನೆ. ಬೆಲ್ಜಿಯಂನಲ್ಲಿ ಕೆಸರು ನೋಡಿದ, ಇಲ್ಲಿ ಆಗಸ್ಟ್‌ನಲ್ಲೂ ಕೆಸರಿದೆ, ಎರಡೂ ಒಂದೇ ಅಂದುಕೊಂಡ. ಒಂದೇ ಅಲ್ಲ. ನಾಟಿಗೆ ಗದ್ದೆ ಹದ ಮಾಡುವಾಗ ಏನಾಗುತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀರು ಕಟ್ಟಿ, ಉತ್ತು, ಮತ್ತೆ ಉತ್ತು, ಹೆಂಟೆಯೆಲ್ಲ ಕರಗಿ ಮಣ್ಣು ಅಂಬಲಿಯಾಗುತ್ತದೆ. ಅದರ ಅಡಿಯಲ್ಲಿ ತಲೆಮಾರುಗಳಿಂದ ಉತ್ತು ತುಳಿದು ಬಿಗಿದುಕೊಂಡ ಒಂದು ಪದರ ಇದೆ. ಆ ಪದರ ಇರುವುದರಿಂದಲೇ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಇಂಥ ಕಡೆ 33 ಮಿ.ಮೀ. ಅಗಲದ ಟೈರು ನೇರ ತಳದ ತನಕ ಹೋಗಿ ಕೂರುತ್ತದೆ. ಮನುಷ್ಯ ಕಾಲು ಕಿತ್ತು ಮುಂದಿನ ಹೆಜ್ಜೆ ಇಡಬಲ್ಲ. ಚಕ್ರ ಹಾಗೆ ಮಾಡಲಾರದು. ಹತ್ತು ಅಡಿ ಹೋಗುವಷ್ಟರಲ್ಲಿ ಚೈನು, ಬ್ರೇಕು, ಗೇರು ಎಲ್ಲದರಲ್ಲೂ ಮಣ್ಣು ಕಟ್ಟಿ ಸೈಕಲ್ ನಿಂತುಬಿಡುತ್ತದೆ. ಕೆಸರುಗದ್ದೆ ಓಡುವವರಿಗೆ, ಹಗ್ಗ ಎಳೆಯುವವರಿಗೆ ಮಾಡಿದ ಅಂಗಳ. ಅದನ್ನು ಅವರಿಗೇ ಬಿಡಿ.

ಬೆಲ್ಜಿಯಂನ ಕೆಸರು ಬೇರೆ. ಅಲ್ಲಿ ಔಡೆನಾರ್ಡೆ ಎಂಬ ಊರಿನ ಹತ್ತಿರ ಕೊಪ್ಪೆನ್‌ಬರ್ಗ್ ಅಂತ ಒಂದು ಗುಡ್ಡ ಇದೆ. ಪ್ರತಿ ವರ್ಷ ನವೆಂಬರ್ 1ಕ್ಕೆ ಅಲ್ಲಿ ಸೈಕ್ಲೋಕ್ರಾಸ್ ನಡೆಯುತ್ತದೆ. ಓಡುವುದು ಹೆಚ್ಚಾಗಿ ಹುಲ್ಲುಗಾವಲಿನ ಮೇಲೆ. ಮೇಲೆ ಒಂದೆರಡು ಇಂಚು ಕೆಸರು, ಅದರ ಕೆಳಗೆ ಹುಲ್ಲಿನ ಬೇರು ಹೆಣೆದ ಚಾಪೆ. ಟೈರಿನ ಗುಬುಟುಗಳು ಕಚ್ಚುವುದು ಆ ಚಾಪೆಯನ್ನು. ನಿಮ್ಮ ಬಾಣೆಗೆ ಹೋಗಿ ಒಂದು ಹಿಡಿ ಹುಲ್ಲು ಬೇರುಸಮೇತ ಕಿತ್ತು ನೋಡಿ. ಸುಲಭವಾಗಿ ಬರುವುದಿಲ್ಲ, ಬಂದರೆ ಮುಷ್ಟಿ ಮಣ್ಣನ್ನು ಹಿಡಿದುಕೊಂಡೇ ಬರುತ್ತದೆ. ಆ ಹಿಡಿತವೇ ಸೈಕ್ಲೋಕ್ರಾಸಿನ ರಸ್ತೆ. ಹಾಗಾಗಿ ನಿಮ್ಮಲ್ಲಿ ಮುಖ್ಯ ಅಂಗಳ ಬಾಣೆ. ಗದ್ದೆ ಅದರ ಜೊತೆಗಿರಲಿ.

ಗದ್ದೆ ಹಾಳಾಗುತ್ತಾ ಅನ್ನುವ ಪ್ರಶ್ನೆಗೆ ನೇರ ಉತ್ತರ: ಹಸಿ ಇದ್ದಾಗ ಆಗುತ್ತೆ, ಒಣಗಿದಾಗ ಆಗಲ್ಲ. ಮಣ್ಣಿನ ಮೇಲ್ಪದರ ಎಷ್ಟು ಬಿಗಿಯುತ್ತೆ ಅನ್ನುವುದು ಟೈರು ಒತ್ತುವ ಬಿರುಸಿನ ಮೇಲೆ ನಿಂತಿದೆ. ಒತ್ತಡ ಎಷ್ಟು ಆಳಕ್ಕೆ ಇಳಿಯುತ್ತೆ ಅನ್ನುವುದು ಒಟ್ಟು ಭಾರದ ಮೇಲೆ. ಸೈಕಲ್ಲು, ಸವಾರ ಸೇರಿ ಎಂಬತ್ತು ಕೆ.ಜಿ. ಇರಬಹುದು. ಅದು ಮೇಲಿನ ಒಂದೆರಡು ಇಂಚಿನಲ್ಲಿ ಗೆರೆ ಹಾಕುತ್ತೆ, ಕೆಳಕ್ಕೆ ಹೋಗಲ್ಲ. ಮೊದಲ ಮಳೆಗೆ ಉತ್ತರೆ ಆ ಗೆರೆ ಮಾಯ. ಆಳಕ್ಕೆ ಏಟು ಕೊಡುವುದು ಜೀಪು. ನಾನು ನೋಡಿದ ಕಡೆಯೆಲ್ಲ ಗದ್ದೆ ಕೆಟ್ಟದ್ದು ಪಾರ್ಕಿಂಗಿನಿಂದ. ಹಬ್ಬಕ್ಕೆ ಬಂದವರ ಜೀಪು, ಕಾರು, ಐಸ್‌ಕ್ರೀಂ ಗಾಡಿ, ಜನರೇಟರ್ ತಂದ ಪಿಕಪ್. ಆದ್ದರಿಂದ ಗದ್ದೆಗೆ ಒಂದೇ ಒಂದು ಮೋಟಾರು ಗಾಡಿ ಇಳಿಯಕೂಡದು ಅಂತ ಮೊದಲ ದಿನವೇ ಕಟ್ಟು ಮಾಡಿ. ಎರಡನೆಯ ಏಟು ನೋಡಲು ಬಂದವರ ಕಾಲು. ಜನ ಒಂದೇ ತಿರುವಿನಲ್ಲಿ ಗುಂಪು ಕಟ್ಟುತ್ತಾರೆ. ಅವರು ನಿಲ್ಲುವ ಜಾಗ ಬಾಣೆಯ ಗಟ್ಟಿ ಕಡೆ ಇರುವಂತೆ ದಾರಿ ತಿರುಗಿಸಿ.

ಗದ್ದೆ ಒಣಗಿದೆಯೋ ಇಲ್ಲವೋ ಅಂತ ನೋಡಲು ಯಂತ್ರ ಬೇಡ. ನಾಲ್ಕು ಇಂಚು ಅಗೆದು ಒಂದು ಹಿಡಿ ಮಣ್ಣು ತೆಗೆಯಿರಿ. ಅಂಗೈಯಲ್ಲಿ ಉಜ್ಜಿ ಪೆನ್ಸಿಲಿಗಿಂತ ಸಣ್ಣ ಹುರಿ ಮಾಡಲು ನೋಡಿ. ಹುರಿ ಮುರಿಯದೆ ಬಂದರೆ ಇನ್ನೂ ಹಸಿ ಇದೆ, ಆ ಗದ್ದೆಗೆ ಸೈಕಲ್ ಬೇಡ. ಮಧ್ಯದಲ್ಲೇ ಪುಡಿಪುಡಿಯಾದರೆ ಧೈರ್ಯವಾಗಿ ಬಿಡಿ. ಒಂದೇ ಕಡೆ ಅಲ್ಲ, ಐದಾರು ಕಡೆ ನೋಡಿ. ತೋಡಿನ (ಸಣ್ಣ ಹಳ್ಳದ) ಪಕ್ಕದ ಮಡಿ ಯಾವಾಗಲೂ ತಡವಾಗಿ ಒಣಗುತ್ತದೆ. ಅಪ್ಪನನ್ನೇ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಮಾಡಿಸಿ. ಅವರ ಅಂಗೈಗೆ ಗೊತ್ತಾಗುವಷ್ಟು ನನ್ನ ಕೈಗೂ ಗೊತ್ತಾಗಲ್ಲ. ಬೇಡ ಅಂದರೆ ಆ ವರ್ಷ ಗದ್ದೆ ಬಿಟ್ಟು ಬಾಣೆಯಲ್ಲಿ ಮಾತ್ರ ಓಡಿಸಿ. ಹೀಗೆ ನೆಲಕ್ಕೋಸ್ಕರ ರೇಸನ್ನೇ ತಡೆಯುವುದು ದೊಡ್ಡ ರೇಸುಗಳಲ್ಲೂ ಆಗಿದೆ. 2015ರ ಜನವರಿಯಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಅವರ ರಾಷ್ಟ್ರೀಯ ಸೈಕ್ಲೋಕ್ರಾಸ್ ಇತ್ತು. ಮಳೆ ಬಂದು ಪಾರ್ಕಿನ ಹಳೆಯ ಮರಗಳ ಬೇರಿಗೆ ಪೆಟ್ಟಾಗುತ್ತೆ ಅಂತ ಗೊತ್ತಾದಾಗ, ಭಾನುವಾರದ ಮುಖ್ಯ ರೇಸ್‌ಗಳನ್ನು ನಿಲ್ಲಿಸಿ ಮರುದಿನಕ್ಕೆ ಹಾಕಿದರು. ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ರೇಸು ಅದು. ನಿಮ್ಮ ಊರಿನ ರೇಸ್ ಒಂದು ವಾರ ಮುಂದೆ ಹೋದರೆ ಯಾರ ಮಾನವೂ ಹೋಗುವುದಿಲ್ಲ.

ಗದ್ದೆಯ ಬದುಗಳ ಬಗ್ಗೆ ಒಂದು ಮಾತು. ಬದು ದಾಟುವ ಜಾಗ ಎರಡೇ ಇರಲಿ. ಅಲ್ಲಿ ಎರಡೂ ಬದಿಗೆ ಹುಲ್ಲಿನ ಕಟ್ಟು ಅಥವಾ ಮಣ್ಣು ತುಂಬಿದ ಚೀಲ ಕೊಟ್ಟು, ಸವಾರರು ಇಳಿದು ಓಡಿ ದಾಟುವ ಹಾಗೆ ಮಾಡಿ. ಹಲಗೆ ಇಡುವ ಖರ್ಚು ಉಳಿಯಿತು, ಬದುವೂ ಉಳಿಯಿತು.

ಇಳಿಜಾರಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಯಾರೇ ಬಂದು ಜೆಸಿಬಿ ತರಿಸಿ ಬಾಣೆಯಲ್ಲಿ ಸಣ್ಣದೊಂದು ದಾರಿ ಕಡಿಸೋಣ ಅಂದರೆ ಒಪ್ಪಬೇಡಿ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜಾರಿದ್ದಕ್ಕೆ ಮಳೆಯ ಜೊತೆ, ರಸ್ತೆಗೆ ಮನೆಗೆ ಅಂತ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳೇ ಹೇಳಿದ್ದಾರೆ. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತೆ. ಕಡಿದ ಜಾಗದಲ್ಲಿ ನೀರು ನಿಂತು ಒಳಗೆ ಇಳಿಯುತ್ತೆ. ಮಡಿಕೇರಿ ಕಡೆ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆಯಲ್ಲಿ ಅದು ಸಣ್ಣ ವಿಷಯವಲ್ಲ. ಸಮಾಧಾನದ ಸಂಗತಿ ಏನೆಂದರೆ, ಆಟಕ್ಕೂ ಕಡಿದ ದಾರಿ ಬೇಕಿಲ್ಲ. ಓರೆ ಇರುವ ಹುಲ್ಲಿನ ಮೇಲೆ ಅಡ್ಡಡ್ಡ ಹೋಗುವುದೇ ಸೈಕ್ಲೋಕ್ರಾಸಿನ ಅತ್ಯಂತ ಒಳ್ಳೆಯ ಪರೀಕ್ಷೆ. ಟೈರು ಕೆಳಗೆ ಜಾರುತ್ತಿರುತ್ತೆ, ಸವಾರ ಗುಡ್ಡದ ಕಡೆಯ ಕಾಲನ್ನು ಪೆಡಲಿನಿಂದ ಬಿಡಿಸಿ ನೆಲಕ್ಕೆ ತಾಗಿಸುತ್ತಾ, ಭಾರವನ್ನು ಇನ್ನೊಂದು ಪೆಡಲಿನ ಮೇಲೆ ಹಾಕಿಕೊಂಡು ಸಾಗುತ್ತಾನೆ. ಅದನ್ನು ಸಮ ಮಾಡಿದರೆ ನೋಡುವುದಕ್ಕೇನು ಉಳಿಯಿತು? ಇದ್ದ ಗುಡ್ಡ ಇದ್ದ ಹಾಗೇ ಇರಲಿ.

ಜಾರಿದ ಆ ಮೂಲೆ ಇದೆಯಲ್ಲ, ಅದರ ಮೇಲೂ ಕೆಳಗೂ ರೇಸಿನ ದಾರಿ ಬೇಡ. ಜನ ನಿಲ್ಲುವುದೂ ಬೇಡ. ಹಾಗೆಯೇ ನೇರ ಕೆಳಮುಖವಾಗಿ ಬರುವ ಗೆರೆಗಳನ್ನು ಕಡಿಮೆ ಮಾಡಿ. ಅಂಥ ಗೆರೆ ಜೂನ್‌ನಲ್ಲಿ ಚರಂಡಿಯಾಗುತ್ತೆ. ರೇಸ್ ಮುಗಿದ ವಾರದಲ್ಲೇ ಗುದ್ದಲಿಯಲ್ಲಿ ಗೆರೆ ಕೆದಕಿ, ತರಗೆಲೆ ಹರಡಿ. ಮೇ ತಿಂಗಳಲ್ಲಿ ಇನ್ನೊಂದು ಸಲ ಹೋಗಿ ನೋಡಿ. ಈ ಕೆಲಸ ಮಾಡುವವರು ಯಾರು ಅಂತ ರೇಸಿಗೆ ಮುಂಚೆಯೇ ಹೆಸರು ಬರೆದಿಡಿ. ಬಹುಮಾನ ಹಂಚಿದ ಮೇಲೆ ಗುದ್ದಲಿ ಹಿಡಿಯಲು ಯಾರೂ ಸಿಗುವುದಿಲ್ಲ. ದೇವರಕಾಡು ಪಕ್ಕದಲ್ಲಿದ್ದರೆ ಅದರ ಅಂಚಿಗೂ ದಾರಿ ಬೇಡ, ಹೇಳಬೇಕಿಲ್ಲ ಅಲ್ವಾ.

ಹಾಗಾದರೆ ಯಾವಾಗ? ನನಗೆ ಕಾಣುವುದು ಜನವರಿಯ ಕೊನೆಯ ಎರಡು ವಾರ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿದು, ಭತ್ತ ಕೊಯ್ದು, ಗದ್ದೆಯಲ್ಲಿ ಕೂಳೆ ಮಾತ್ರ ಇರುತ್ತೆ. ಮೇಲೆ ಒಣಗಿರುತ್ತೆ, ಒಳಗೆ ಸ್ವಲ್ಪ ತೇವ ಉಳಿದಿರುತ್ತೆ, ಬೆಳಗಿನ ಇಬ್ಬನಿಗೆ ಬಾಣೆಯ ಹುಲ್ಲು ಜಾರುತ್ತೆ. ಬೇಕಾದಷ್ಟು ಸವಾಲು ಅದರಲ್ಲೇ ಇದೆ. ಬೆಲ್ಜಿಯಂನಲ್ಲೂ ಸೆಪ್ಟೆಂಬರ್‌ನಿಂದ ಫೆಬ್ರುವರಿ ತನಕ ಇದರ ಕಾಲ. ತೊಂದರೆ ಒಂದಿದೆ: ಅದೇ ಹೊತ್ತಿಗೆ ಕಾಫಿ ಕುಯ್ಲು. ಅರೇಬಿಕಾ ಮುಗಿಯುತ್ತಾ ಬಂದಿರುತ್ತೆ, ರೊಬಸ್ಟಾ ಜೋರಾಗಿರುತ್ತೆ. ಆಳು ಸಿಗುವುದಿಲ್ಲ, ಕಣದಲ್ಲಿ ಕಾಫಿ ಹರಡಿರುತ್ತೆ, ನಿಮಗೂ ಪುರುಸೊತ್ತಿರಲ್ಲ. ಆದ್ದರಿಂದ ಒಂದೇ ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಮೂರರ ಒಳಗೆ ಮುಗಿಸಿ. ಕಾಫಿ ಮುಗಿದ ಮೇಲೆ ಮಾರ್ಚ್ ಏಪ್ರಿಲ್‌ನಲ್ಲಿ ಮಾಡೋಣ ಅಂದರೂ ಆಗುತ್ತೆ. ಆಗ ನೆಲ ಕಲ್ಲಾಗಿರುತ್ತೆ, ಬಿದ್ದರೆ ಪೆಟ್ಟು ಜಾಸ್ತಿ. ಬಿಸಿಲೂ ಇರುತ್ತೆ. ಹೂಮಳೆ ಬಿದ್ದು, ಕಾಫಿ ಹೂ ಅರಳಿ ತೋಟ ಬಿಳಿಯಾದ ವಾರ ಸಿಕ್ಕಿಬಿಟ್ಟರೆ ಜೇನು ತುಂಬಿರುವ ತೋಟದ ಪಕ್ಕ ಮೈಕು, ಗಲಾಟೆ ಬೇಡ. ಕೊಡವ ಕುಟುಂಬಗಳ ಹಾಕಿ ಹಬ್ಬವೂ ಆ ದಿನಗಳಲ್ಲೇ ಬರುತ್ತೆ, ಊರಿನ ಅರ್ಧ ಹುಡುಗರು ಅಲ್ಲಿರುತ್ತಾರೆ.

ಮುರಿಯುವ ಕೈಕಾಲಿನ ವಿಷಯ. ಬೀಳುವುದಿಲ್ಲ ಅಂತ ನಾನು ಹೇಳಲ್ಲ. ಎಲ್ಲರೂ ಬೀಳುತ್ತಾರೆ. ಆದರೆ ರಸ್ತೆ ರೇಸಿನಲ್ಲಿ ಗುಂಪು ಗಂಟೆಗೆ ನಲವತ್ತು ಕಿ.ಮೀ. ಮೇಲೆ ಡಾಂಬರಿನ ಮೇಲೆ ಬೀಳುತ್ತೆ. ಇಲ್ಲಿ ಅದರ ಅರ್ಧ ವೇಗ, ಕೆಳಗೆ ಹುಲ್ಲು. ನಾನು ಕಂಡದ್ದರಲ್ಲಿ ಹೆಚ್ಚಿನವು ತರಚು, ಮೂಗೇಟು. ಆಗೊಮ್ಮೆ ಈಗೊಮ್ಮೆ ಮಣಿಕಟ್ಟು ಅಥವಾ ಹೆಗಲಿನ ಮುಂದಿನ ಎಲುಬು (ಕಾಲರ್ ಬೋನ್) ಮುರಿದದ್ದೂ ಇದೆ. ಜಾಸ್ತಿ ಅಪಾಯ ಇರುವುದು ಶುರುವಿನ ಅರ್ಧ ನಿಮಿಷದಲ್ಲಿ. ಎಲ್ಲರೂ ಒಟ್ಟಿಗೆ ಮೊದಲ ತಿರುವಿಗೆ ನುಗ್ಗುತ್ತಾರೆ. ಅದಕ್ಕೇ ಶುರುವಿನ ದಾರಿ ಉದ್ದಕ್ಕೆ, ನೇರಕ್ಕೆ, ಆರು ಮೀಟರ್ ಅಗಲಕ್ಕೆ ಇರಬೇಕು. ಮುಂದೆ ಎಲ್ಲ ಕಡೆ ಮೂರು ಮೀಟರಿಗಿಂತ ಕಿರಿದಾಗಬಾರದು.

ನಮ್ಮ ಕಡೆ ನನಗೆ ಭಯ ಇರುವುದು ಬೀಳುವುದರ ಬಗ್ಗೆ ಅಲ್ಲ, ಎಲ್ಲಿ ಬೀಳುತ್ತಾರೆ ಅನ್ನುವುದರ ಬಗ್ಗೆ. ತೋಟದ ಮುಳ್ಳುತಂತಿ. ಕೆಲವು ವರ್ಷದ ಹಿಂದೆ ಒಂದು ಊರಿನ ರೇಸಿಗೆ ನಾನೇ ದಾರಿ ಗುರುತು ಮಾಡಿದ್ದೆ. ತಿರುವಿನ ಹೊರಗೆ ಎಂಟು ಅಡಿ ದೂರದಲ್ಲಿ ಬೇಲಿ ಇತ್ತು, ಕುರುಚಲು ಬೆಳೆದು ತಂತಿ ಕಾಣುತ್ತಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಒಬ್ಬ ಹುಡುಗ ಜಾರಿ ನೇರ ಅದರೊಳಗೆ ಹೋದ. ಮೊಣಕೈಯಿಂದ ಮುಂಗೈ ತನಕ ಸೀಳಿತು. ಹೊಲಿಗೆ ಹಾಕಿಸಿ ಮನೆಗೆ ಬಿಟ್ಟಾಗ ಅವನ ಅಮ್ಮ ನನಗೆ ಒಂದು ಮಾತೂ ಬೈಯಲಿಲ್ಲ, ಒಳಗೆ ಹೋಗಿ ಕಾಫಿ ತಂದು ಕೊಟ್ಟರು. ಅವತ್ತಿನಿಂದ ದಾರಿಯ ಎರಡೂ ಬದಿ ಐದು ಮೀಟರ್ ನಾನೇ ಕಾಲಿನಿಂದ ತುಳಿದು ನೋಡದೆ ಒಂದು ಗೂಟವನ್ನೂ ಹೊಡೆದಿಲ್ಲ. ನೀವೂ ಹಾಗೇ ಮಾಡಿ. ಮುಳ್ಳುತಂತಿ ಇದ್ದ ಕಡೆ ಆ ದಿನಕ್ಕೆ ಬಿಚ್ಚಿ, ಬಿಚ್ಚಲಾಗದಿದ್ದರೆ ದಾರಿಯನ್ನೇ ದೂರ ಸರಿಸಿ. ಸೋಲಾರ್ ಬೇಲಿಯ ಸ್ವಿಚ್ ಆರಿಸಿ, ಕೀ ಒಬ್ಬರ ಜೇಬಿನಲ್ಲಿರಲಿ. ಕಡಿದ ಕಾಫಿ ಗಿಡದ ಮೋಟು, ಕಾಡು ಕಡಿದಾಗ ಉಳಿದ ಚೂಪು ಬುಡ, ಇವನ್ನು ನೆಲದ ಸಮಕ್ಕೆ ತೆಗೆಸಿ. ಸಿಲ್ವರ್ ಓಕ್ ಮರಕ್ಕೆ ಹುಲ್ಲು ತುಂಬಿದ ಗೋಣಿ ಎದೆಮಟ್ಟ ಕಟ್ಟಿ. ಗೂಟಕ್ಕೆ ಕಬ್ಬಿಣದ ಸರಳು ಬೇಡವೇ ಬೇಡ. ಬಿದಿರೂ ಬೇಡ, ಮುರಿದರೆ ಈಟಿಯಾಗುತ್ತೆ. ತೆಳು ಪ್ಲಾಸ್ಟಿಕ್ ಪೈಪು, ಅದಕ್ಕೆ ಟೇಪು ಸಾಕು. ಆನೆ ಓಡಾಟ ಇರುವ ದಿನಗಳಾದರೆ ಅರಣ್ಯ ಇಲಾಖೆಯವರಿಗೆ ವಾರದ ಮೊದಲೇ ತಿಳಿಸಿ, ಅವತ್ತು ಬೆಳಿಗ್ಗೆ ಮತ್ತೆ ಫೋನ್ ಮಾಡಿ. ಮಂಜು ಪೂರ್ತಿ ಬಿಡುವ ತನಕ ಶುರು ಮಾಡಬೇಡಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಅಪಾಯ ನಾನು ಸೇರಿಸಬೇಕು. ಬಾಯಿಗೆ ಹೋಗುವ ಕೆಸರು. ಮುಂದಿನ ಚಕ್ರ ಎಗರಿಸಿದ ಮಣ್ಣು ನೇರ ಮುಖಕ್ಕೆ ಬರುತ್ತೆ, ನೀರಿನ ಬಾಟಲಿಯ ಬಾಯಿಗೂ ಮೆತ್ತುತ್ತೆ. 2007ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರಿನಲ್ಲಿ ನಡೆದ ಒಂದು ಮೌಂಟನ್ ಬೈಕ್ ರೇಸಿನ ನಂತರ ಬಹಳ ಸವಾರರಿಗೆ ಹೊಟ್ಟೆ ಕೆಟ್ಟು ಭೇದಿಯಾಯಿತು. ಪ್ರಾಣಿಗಳ ಸಗಣಿಯಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಕಾರಣ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಮರುವರ್ಷ ಬ್ರಿಟನ್ನಿನ ವೇಲ್ಸ್‌ನಲ್ಲೂ ಹಾಗೇ ಆಯಿತು. ನಮ್ಮಲ್ಲಿ ಕೊಯ್ಲು ಮುಗಿದ ಗದ್ದೆಗೆ ದನ ಬಿಡುತ್ತಾರೆ. ರೇಸಿನ ದಾರಿ ಇರುವ ಮಡಿಗೆ ಎರಡು ಮೂರು ವಾರ ದನ ಬಿಡದೆ ಇರಿ, ಇರುವ ಸಗಣಿ ಎತ್ತಿಸಿ. ಬಾಟಲಿಗೆ ಮುಚ್ಚಳ ಇರಲಿ. ಮುಗಿಸಿ ಬಂದವರು ಕೈ ಬಾಯಿ ಸೋಪಿನಲ್ಲಿ ತೊಳೆಯದೆ ಊಟಕ್ಕೆ ಕೂರಬಾರದು. ಇಲಿ ಜ್ವರವೂ ಹೀಗೇ, ಇಲಿಯ ಮೂತ್ರ ಬೆರೆತ ನೀರು, ಕೆಸರು ತರಚಿದ ಚರ್ಮಕ್ಕೆ ತಾಗಿ ಬರುತ್ತೆ. ಆಗಸ್ಟ್ ಬೇಡ ಅನ್ನಲು ಇದೂ ಒಂದು ಕಾರಣ, ನಿಂತ ನೀರಿನಲ್ಲಿ ಅದರ ಅಪಾಯ ಹೆಚ್ಚು. ರೇಸಿನ ನಂತರ ಎರಡು ಮೂರು ವಾರದ ಒಳಗೆ ಯಾರಿಗಾದರೂ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರ ಹತ್ತಿರ ಹೋಗಿ ಕೆಸರಿನಲ್ಲಿ ಬಿದ್ದದ್ದನ್ನು ಹೇಳಲೇಬೇಕು. ಎಲ್ಲರೂ ಟಿಟಿ ಇಂಜೆಕ್ಷನ್ ತೆಗೆದುಕೊಂಡಿರಲಿ. ಜಿಗಣೆಗೆ ಹೆದರಬೇಡಿ, ಜನವರಿಯಲ್ಲಿ ಒಣ ಗದ್ದೆಗೆ ಅವು ಬರುವುದು ಅಪರೂಪ.

ಸೈಕಲ್ ಬೆಲೆಯ ಮಾತು ಬೇಗ ಮುಗಿಸುತ್ತೇನೆ. ಬಗ್ಗಿದ ಹ್ಯಾಂಡಲ್, 33 ಮಿ.ಮೀ. ಟೈರು, ಇವೆಲ್ಲ ಅಂತಾರಾಷ್ಟ್ರೀಯ ರೇಸಿನ ನಿಯಮ. ಇಂಗ್ಲೆಂಡ್, ಅಮೆರಿಕದ ಸ್ಥಳೀಯ ರೇಸ್‌ಗಳಲ್ಲೇ ಮೌಂಟನ್ ಬೈಕ್ ತಂದು ಓಡಿಸುತ್ತಾರೆ. ನಿಮ್ಮ ಊರಿನ ಹುಡುಗರ ಹತ್ತಿರ ಇರುವ ಗೇರ್ ಸೈಕಲ್ ಸಾಕು. ಬ್ರೇಕ್ ಹಿಡಿಯಬೇಕು, ಹ್ಯಾಂಡಲ್ ತುದಿಗೆ ಮುಚ್ಚಳ ಇರಬೇಕು, ಸ್ಟ್ಯಾಂಡು, ಕ್ಯಾರಿಯರ್ ಬಿಚ್ಚಿರಬೇಕು. ಹೆಲ್ಮೆಟ್ ಇಲ್ಲದವರನ್ನು ಗೆರೆಯ ಮೇಲೆ ನಿಲ್ಲಿಸಬೇಡಿ, ಅದು ನಿಮ್ಮ ಮಾವನ ಮಗನೇ ಆಗಿರಲಿ. ಟೈರಿನ ಗಾಳಿ ಸ್ವಲ್ಪ ಇಳಿಸಲು ಹೇಳಿ. ಹೆಬ್ಬೆರಳಿನಲ್ಲಿ ಒತ್ತಿದರೆ ತಗ್ಗಬೇಕು, ಆದರೆ ಮೈಭಾರ ಹಾಕಿ ಕೂತಾಗ ರಿಮ್ ನೆಲಕ್ಕೆ ತಾಗಬಾರದು. ಎಷ್ಟೋ ಸಲ ಹಳೆಯ ಸೈಕಲ್ಲಿಗೆ ಗಾಳಿ ಸರಿ ಮಾಡಿಕೊಂಡವನು, ಹೊಸ ಸೈಕಲ್ಲಿಗೆ ಗಾಳಿ ಗಟ್ಟಿ ತುಂಬಿಸಿಕೊಂಡವನನ್ನು ಹಿಂದೆ ಹಾಕಿದ್ದನ್ನು ನೋಡಿದ್ದೇನೆ.

ತೊಳೆಯಲು ನಿಮ್ಮ ಮನೆಯಲ್ಲಿರುವ ಪವರ್ ಸ್ಪ್ರೇಯರ್ ಉಪಯೋಗಿಸಬಹುದು. ಬೋರ್ಡೋ ದ್ರಾವಣ ಹೊಡೆದ ಡ್ರಮ್ಮು, ಪೈಪುಗಳನ್ನು ಮೊದಲು ಮೂರು ನಾಲ್ಕು ಸಲ ಬರೀ ನೀರು ಬಿಟ್ಟು ತೊಳೆಯಿರಿ. ಮೈಲುತುತ್ತದ ಅಂಶ ಉಳಿದರೆ ಕಣ್ಣಿಗೂ ಸೈಕಲ್ಲಿಗೂ ಕೆಟ್ಟದ್ದು. ನೀರಿನ ಧಾರೆ ಚಕ್ರದ ಬೇರಿಂಗಿಗೆ, ಪೆಡಲಿನ ನಡುವಿಗೆ ನೇರ ಹೊಡೆಯಬಾರದು, ಗ್ರೀಸ್ ಹೊರಗೆ ಬರುತ್ತೆ. ಆ ನೀರು ತೋಡಿಗೆ ಸೇರದ ಹಾಗೆ ತೋಟದ ಕಡೆ ಹರಿಸಿ.

ಮಗಳ ವಿಷಯ ಕೊನೆಗೆ ಇಟ್ಟುಕೊಂಡೆ, ಸಮಾಧಾನವಾಗಿ ಹೇಳಬೇಕು ಅಂತ. ಬಿಡಿ. ಹುಡುಗಿಯರಿಗೆ ಈ ಆಟದ ಬಾಗಿಲು ತಡವಾಗಿ ತೆರೆಯಿತು. ಗಂಡಸರ ವಿಶ್ವ ಚಾಂಪಿಯನ್‌ಷಿಪ್ ಶುರುವಾಗಿ ಐವತ್ತು ವರ್ಷದ ಮೇಲೆ, 2000ದಲ್ಲಿ ಹೆಂಗಸರಿಗೆ ಮೊದಲ ಸಲ ಅವಕಾಶ ಸಿಕ್ಕಿತು. ಜೂನಿಯರ್ ಹುಡುಗಿಯರಿಗೆ 2020ರಲ್ಲಿ. ಅಷ್ಟರೊಳಗೆ ನೆದರ್‌ಲ್ಯಾಂಡ್ಸ್‌ನ ಮಾರಿಯಾನ್ ವೋಸ್ ಒಬ್ಬಳೇ ಏಳು ಸಲ ವಿಶ್ವ ಚಾಂಪಿಯನ್ ಆಗಿದ್ದಳು, ಆಮೇಲೆ ಎಂಟನೆಯದೂ ಬಂತು. ನಿಮ್ಮ ಮಗಳಿಗೆ ಮೊದಲ ವರ್ಷ ಇಪ್ಪತ್ತು ನಿಮಿಷದ ರೇಸ್ ಸಾಕು. ಹುಡುಗರ ಜೊತೆ ಒಂದೇ ಗೆರೆಯಲ್ಲಿ ನಿಲ್ಲಿಸಬೇಡಿ. ಅವಳಿಗೆ ಶಕ್ತಿ ಇಲ್ಲ ಅಂತಲ್ಲ, ಮೊದಲ ತಿರುವಿನ ನೂಕಾಟದಲ್ಲಿ ಕಲಿಯುವವರಿಗೆ ಜಾಗ ಸಿಗಲ್ಲ ಅಂತ. ಹುಡುಗಿಯರದ್ದೇ ಬೇರೆ ರೇಸ್ ಇಡಿ, ಮಧ್ಯಾಹ್ನ ಊಟಕ್ಕೆ ಮುಂಚೆ, ಎಲ್ಲರೂ ನೋಡುವ ಹೊತ್ತಿಗೆ. ಎರಡು ತಿಂಗಳು ಮೊದಲೇ ವಾರಕ್ಕೆರಡು ದಿನ ಇಳಿಯುವುದು, ಹತ್ತುವುದು ಅಭ್ಯಾಸ ಮಾಡಲಿ. ಮೊದಲು ನಡೆದುಕೊಂಡು, ಆಮೇಲೆ ಓಡಿಕೊಂಡು. ಹಲಗೆಯ ಬದಲು ಹಗ್ಗವನ್ನು ನೆಲದ ಮೇಲೆ ಇಟ್ಟು ಶುರು ಮಾಡಲಿ.

ಪ್ರತಿ ವರ್ಷದ ಹಬ್ಬ ಅಂದಿರಿ. ಅದನ್ನು ನಡೆಸುವ ದಾರಿ ಕೊಡಗಿಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕುಟುಂಬಗಳ ನಡುವಿನ ಹಾಕಿ ಶುರು ಮಾಡಿದರು. ಅಲ್ಲಿಂದ ಈಚೆಗೆ, ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ, ಪ್ರತಿ ಸಲ ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸುತ್ತಿದೆ. ಇಲ್ಲೂ ಹಾಗೇ ಸರದಿ ಇಡಿ. ಒಂದೇ ಗದ್ದೆ, ಒಂದೇ ಬಾಣೆಯ ಮೇಲೆ ವರ್ಷವರ್ಷವೂ ಭಾರ ಬೀಳುವುದಿಲ್ಲ, ಹುಲ್ಲು ಮತ್ತೆ ಚಿಗುರಲು ಬಿಡುವು ಸಿಗುತ್ತೆ. ಮೊದಲ ವರ್ಷ ಐವತ್ತು ಜನ ಸಾಕು. ಒಂದೂವರೆ ಕಿ.ಮೀ. ಸುತ್ತು ಮಾಡಿ. ಮೂರು ಮೀಟರ್ ಅಗಲ ಅಂದರೆ ಅದು ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ ನೆಲ, ನಿಮ್ಮ ಬಾಣೆ, ಗದ್ದೆ ಸೇರಿ ಧಾರಾಳ. ಪಂಚಾಯಿತಿಗೆ, ಪೊಲೀಸ್ ಠಾಣೆಗೆ ಬರೆದು ಕೊಡಿ. ಆಂಬುಲೆನ್ಸ್ ಗದ್ದೆಗೆ ಇಳಿಯದೆ ರಸ್ತೆಯಲ್ಲೇ ನಿಂತು ಸ್ಟ್ರೆಚರ್ ತರುವ ದಾರಿ ಖಾಲಿ ಇರಲಿ. ಒಂದು ದಿನದ ಅಪಘಾತ ವಿಮೆ ಮಾಡಿಸಿ. ಏನಾದರೂ ಆದರೆ ಹೊಣೆ ಯಾರದ್ದು ಅನ್ನುವ ಪ್ರಶ್ನೆ ಜಮೀನಿನ ಯಜಮಾನರಾದ ನಿಮ್ಮ ಬಾಗಿಲಿಗೇ ಮೊದಲು ಬರುತ್ತೆ. ಹದಿನೆಂಟು ತುಂಬದವರಿಗೆ ಅಪ್ಪ ಅಮ್ಮನ ಸಹಿ ಬೇಕೇ ಬೇಕು.

ಮಳೆ ಬಂದರೆ ಏನು ಅಂತ ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳಿ. 2013ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಇತ್ತು, ಯುರೋಪಿನ ಹೊರಗೆ ನಡೆದ ಮೊದಲನೆಯದು. ಒಹಾಯೊ ನದಿ ಉಕ್ಕುವ ಸೂಚನೆ ಬಂತು. ಎರಡು ದಿನದ ರೇಸನ್ನು ಶನಿವಾರ ಒಂದೇ ದಿನಕ್ಕೆ ಮುಗಿಸಿದರು. ರೇಸ್ ನಡೆಯಬೇಕೋ ಬೇಡವೋ ಅಂತ ಹೇಳುವ ಅಧಿಕಾರ ನಿಮ್ಮಲ್ಲಿ ಒಬ್ಬರಿಗೆ ಮಾತ್ರ ಇರಲಿ. ಹಿಂದಿನ ದಿನ ಸಂಜೆ ಅವರು ಬೇಡ ಅಂದರೆ ಬೇಡ. ನನ್ನ ಕೇಳಿದರೆ ಆ ಒಬ್ಬರು ನಿಮ್ಮ ಅಪ್ಪನೇ ಆಗಲಿ.

ಪುತ್ತರಿ ಕಳೆದು ಗದ್ದೆ ಖಾಲಿಯಾದ ಮೇಲೆ ಒಂದು ಕೈನಕ್ಷೆ ಬರೆದು ಕಳಿಸಿ. ತೋಡು, ಬೇಲಿ, ಜಾರಿದ ಮೂಲೆ, ರಸ್ತೆ ಎಲ್ಲಿದೆ ಅಂತ ಗುರುತು ಹಾಕಿ. ಬಾಣೆಯ ಓರೆಯನ್ನು ಕೆಳಗಿನಿಂದ ಒಂದು ಫೋಟೊ, ಪಕ್ಕದಿಂದ ಒಂದು. ಮೊದಲ ತಿರುವು ಎಲ್ಲಿ ಇಡಬೇಕು ಅಂತ ನೋಡಿ ಬರೆಯುತ್ತೇನೆ.